ಲೋದ್ ಪೇಟೆಯ ಆರನೇ ಒಂದು ಪಾಲು

ಬೆಲೆ ಎಷ್ಟು ಏರಿದರೆ ಅದು ಮೋಸ? ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಯಹೂದಿ ಸಂಹಿತೆ ಮಿಶ್ನಾ ಇದಕ್ಕೆ ಉಪದೇಶ ಹೇಳುವುದಿಲ್ಲ, ಲೆಕ್ಕ ಕೊಡುತ್ತದೆ: 24 ಬೆಳ್ಳಿ ಕಾಸಿಗೆ 4 ಕಾಸು, ಅಂದರೆ ಆರನೇ ಒಂದು ಪಾಲು. ಮಿಶ್ನಾದ ಮೇಲಿನ ಚರ್ಚೆಗಳ ಸಂಗ್ರಹವಾದ ತಾಲ್ಮೂದ್ ಅದನ್ನು ಇನ್ನೂ ಬಿಡಿಸುತ್ತದೆ. ವ್ಯತ್ಯಾಸ ಅದಕ್ಕಿಂತ ಕಡಿಮೆಯಿದ್ದರೆ ವ್ಯಾಪಾರ ಊರ್ಜಿತ. ಸರಿಯಾಗಿ ಆರನೇ ಒಂದಾದರೆ ಮಾಲು ಕೊಂಡವನದೇ, ಹೆಚ್ಚಿನ ಹಣ ವಾಪಸ್. ದಾಟಿತೋ, ವ್ಯಾಪಾರವೇ ರದ್ದು.

ತೀರಾ ಅಗ್ಗಕ್ಕೆ ಮಾರಿ ಕೆಟ್ಟವನಿಗೂ ಇದೇ ರಕ್ಷಣೆ, ಗಡುವು ಮಾತ್ರ ಬೇರೆ. ಕೊಂಡವನಿಗೆ ಮಾಲನ್ನು ಇನ್ನೊಬ್ಬ ವರ್ತಕನಿಗೋ ನೆಂಟನಿಗೋ ತೋರಿಸಿ ಕೇಳುವಷ್ಟು ಹೊತ್ತು. ಮಾರಿದವನಿಗೆ ಗಡುವಿಲ್ಲ; ತೋರಿಸಲು ಮಾಲು ಅವನ ಕೈಲಿಲ್ಲವಲ್ಲ!

ಇಂದಿನ ಇಸ್ರೇಲ್‌ನಲ್ಲಿರುವ ಲೋದ್ ಊರಿನಲ್ಲಿ ರಬ್ಬಿ (ಯಹೂದಿ ಧರ್ಮಪಂಡಿತ) ತರ್ಫೋನ್ ಮಿತಿಯನ್ನು ಮೂರನೇ ಒಂದಕ್ಕೆ ಏರಿಸಿದಾಗ ವರ್ತಕರು ಹಿಗ್ಗಿದರು. ಆದರೆ ವಾಪಸಾತಿಗೆ ಇಡೀ ದಿನ ಅವಕಾಶ ಎಂದು ತರ್ಫೋನ್ ಸೇರಿಸಿದ್ದೇ ತಡ, ಹಳೆಯ ನಿಯಮವೇ ಇರಲಿ ಎಂದು ವರ್ತಕರು ಹಿಂದೆ ಸರಿದರು. ರಿಟರ್ನ್ ಪಾಲಿಸಿಯ ಸಣ್ಣಕ್ಷರ ಓದುವ ಅಭ್ಯಾಸವಿರುವವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು.

ತೂಕ-ಅಳತೆಯ ವಿಷಯದಲ್ಲಂತೂ ಬಿಗಿ ಇನ್ನೂ ಹೆಚ್ಚು. ಚಿಲ್ಲರೆ ಅಂಗಡಿಯವನು ಅಳತೆಪಾತ್ರೆಯನ್ನು ವಾರಕ್ಕೆ 2 ಸಲ, ತೂಕದ ಬಟ್ಟುಗಳನ್ನು ವಾರಕ್ಕೊಮ್ಮೆ, ತಕ್ಕಡಿಯನ್ನು ಪ್ರತಿ ತೂಕಕ್ಕೂ ಒರೆಸಬೇಕು. ಸಗಟು ವ್ಯಾಪಾರಿಗೆ 30 ದಿನಕ್ಕೊಮ್ಮೆ ಸಾಕು. ಪಾತ್ರೆ ತೊಳೆಯುವ ನಿಯಮ ಎಣ್ಣೆ, ದ್ರಾಕ್ಷಾರಸದಂಥ ದ್ರವಗಳಿಗೆ ಮಾತ್ರ: ತಳದಲ್ಲಿ ಜಿಡ್ಡು ಕಟ್ಟಿದಷ್ಟೂ ಗಿರಾಕಿಗೆ ಕಡಿಮೆ ಬೀಳುತ್ತದೆ. ಬಟ್ಟಿಗೆ ಕೊಳೆ ಹತ್ತಿದರೆ ನಷ್ಟ ಅಂಗಡಿಯವನದು. ಹಾಗಾಗಿ ಈ ಶುಚಿತ್ವ ಇಬ್ಬರನ್ನೂ ಕಾಯುತ್ತದೆ. ಲೋಹದ ಬಟ್ಟು ಕೂಡದು, ಕಲ್ಲು ಅಥವಾ ಗಾಜಿನದಾಗಬೇಕು. ಬಟ್ಟನ್ನು ಉಪ್ಪಿನಲ್ಲಿ ಹೂತಿಡುವ ಹಾಗಿಲ್ಲ, ಅಳೆಯುವಾಗ ನೊರೆ ಬರಿಸುವ ಹಾಗೂ ಇಲ್ಲ. ಕಾಳಿನ ರಾಶಿಯ ಮೇಲ್ಭಾಗವನ್ನಷ್ಟೇ ಹಸನು ಮಾಡಿಡುವುದು ಕಣ್ಣಿಗೆ ಮಾಡುವ ಮೋಸ.

ಇಷ್ಟೆಲ್ಲ ಲೆಕ್ಕದ ನಡುವೆಯೇ ಮಾತಿನ ಮೋಸವೂ ಬರುತ್ತದೆ. ಕೊಳ್ಳುವ ಮನಸ್ಸಿಲ್ಲದೆ 'ಇದಕ್ಕೆಷ್ಟು?' ಎಂದು ಕೇಳಬಾರದು. ತಿದ್ದಿಕೊಂಡವನಿಗೆ ಅವನ ಹಿಂದಿನ ನಡತೆಯನ್ನು ನೆನಪಿಸಬಾರದು. ಹಣದ ಮೋಸಕ್ಕಿಂತ ಇದೇ ದೊಡ್ಡದು ಎಂಬ ವಾದವನ್ನೂ ತಾಲ್ಮೂದ್ ದಾಖಲಿಸುತ್ತದೆ, ಕಾರಣ ಸರಳ: ಹಣವನ್ನು ಹಿಂದಿರುಗಿಸಬಹುದು. ಬೆಲೆ ಹೋಲಿಸಿ ನೋಡಲು ನಾಲ್ಕು ಕಡೆ ಕೇಳುವುದು ಬೇರೆ, ಕಾಲಹರಣಕ್ಕೆ ವ್ಯಾಪಾರಿಯಲ್ಲಿ ಆಸೆ ಹುಟ್ಟಿಸುವುದು ಬೇರೆ ಎಂದು ನಾನು ಓದಿಕೊಳ್ಳುತ್ತೇನೆ. ಎರಡಕ್ಕೂ ಮಾತು ಒಂದೇ. ಯಾವುದೆಂದು ಕೇಳಿದವನಿಗಷ್ಟೇ ಗೊತ್ತಿರುವುದರಿಂದ ಇಲ್ಲಿ ಆರನೇ ಒಂದರಂಥ ಗೆರೆಯನ್ನು ಪಂಡಿತರು ಎಳೆಯಲಿಲ್ಲ.