ಹತ್ತು ಪೊಟ್ಟಣ, ಒಂದೇ ಮದ್ದು

ರೈಫಲ್ ತೋಟೆಗಳನ್ನು ಮನೆಯಲ್ಲೇ ತುಂಬಿಕೊಳ್ಳುವವನು ನಾನು. ಗುರಿ ಅತಿ ಚೆನ್ನಾಗಿ ಕೂರುವ ಮದ್ದಿನ ತೂಕ ಒಂದಿದೆ ಅಂತ ಒಂಬತ್ತು ತಿಂಗಳಿಂದ ಹುಡುಕುತ್ತಿದ್ದೆ. ಅದು ಇರಲೇ ಇಲ್ಲ ಅಂತ ಇತ್ತೀಚೆಗೆ ಒಂದು ಶನಿವಾರ ಗೊತ್ತಾಯಿತು. ನಗಬೇಕೋ ಅಳಬೇಕೋ ತಿಳಿಯದೆ ಶೂಟಿಂಗ್ ರೇಂಜಿನಿಂದ ಮನೆಗೆ ಬಂದೆ. ಆಮೇಲೆ ನಡೆದದ್ದನ್ನೂ ಸೇರಿಸಿ, ಎರಡು ಲೋಟ ಕಾಫಿ ಕುಡಿದು ಈಗ ಬರೆಯಲು ಕೂತಿದ್ದೇನೆ.

ರೈಫಲ್ ಹಳೆಯದೇ. .308 ತೋಟೆಯದು, ಪ್ರತಿ ಸಲ ಕೈಯಿಂದ ಬೋಲ್ಟ್ ಎಳೆಯುವುದು, 24 ಇಂಚಿನ ಬ್ಯಾರೆಲ್, ಒಳಗಿನ ಸುರುಳಿ ಗೆರೆ 10 ಇಂಚಿಗೆ ಒಂದು ಸುತ್ತು. ಕೇಸ್ (ತೋಟೆಯ ಹಿತ್ತಾಳೆ ಚಿಪ್ಪು) ತೊಳೆದದ್ದು, ಸೈಜ್ ಮಾಡಿದ್ದು, ಟ್ರಿಮ್ ಮಾಡಿದ್ದು ಎಲ್ಲ ಬಿಟ್ಟುಬಿಡುತ್ತೇನೆ. ನಿಮಗೂ ಅದು ಬೇಜಾರಿನ ಕೆಲಸವೇ, ಅಲ್ವಾ? ಎಷ್ಟು ಗ್ರೇನ್ ತೂಕದ ಪೌಡರ್ ಹಾಕಿದೆ ಅಂತಲೂ ಬರೆಯುವುದಿಲ್ಲ. ನನ್ನ ಬ್ಯಾರೆಲ್ ಬೇರೆ, ನಿಮ್ಮದು ಬೇರೆ. ಮ್ಯಾನ್ಯುಯಲ್ ತೆಗೆದು ಕೆಳಗಿನ ಅಂಕಿಯಿಂದ ಶುರು ಮಾಡಿ.

ಗುಂಡು ಹಾರಿಸುವ ಪುಡಿಗೆ ಇಲ್ಲಿ ಟೆಕ್ಸಸ್‌ನಲ್ಲಿ ಎಲ್ಲರೂ ಪೌಡರ್ ಅನ್ನುತ್ತಾರೆ. ನನ್ನ ಬಾಯಿಗೆ ಮಾತ್ರ ತೀರ್ಥಹಳ್ಳಿ ಕಡೆಯ 'ಮದ್ದು' ಅನ್ನೋ ಮಾತೇ ಬರುತ್ತದೆ. ಮದ್ದಿಗೆ ಕಿಡಿ ಹಚ್ಚುವ ಪ್ರೈಮರ್ ಅಂದರೆ ಕೇಪು, ಕಾರ್ಟ್ರಿಜ್ ಅಂದರೆ ತೋಟೆ. ಅಜ್ಜನ ಹತ್ತಿರ ಕೇಪಿನ ಕೋವಿ ಇತ್ತು, ಬೆಳೆ ಕಾಯಲು ಲೈಸೆನ್ಸ್ ಸಿಕ್ಕಿದ್ದು. ವರ್ಷವಿಡೀ ಹಂದಿಗೆ ಹೆದರಿಸುವುದು, ಎಲೆಕ್ಷನ್ ಬಂದಾಗ ಠಾಣೆಗೆ ಒಪ್ಪಿಸಿ ಬರುವುದು, ಇಷ್ಟೇ ಅದರ ಬಾಳು. ಅಜ್ಜ ಮದ್ದನ್ನು ತೂಗಿದ್ದನ್ನು ನಾನು ನೋಡೇ ಇಲ್ಲ. ಒಂದು ಹಿತ್ತಾಳೆ ಅಳತೆ ಇತ್ತು. ಅದರಲ್ಲಿ ತುಂಬಿ, ಮೇಲೆ ಹೆಬ್ಬೆರಳಿಂದ ಒಂದು ಸಲ ಸವರಿದರೆ ಮುಗಿಯಿತು.

ಮೊಮ್ಮಗನ ಕಥೆ ನೋಡಿ. ಒಂದು ಗ್ರಾಂ ಅಂದರೆ 15.43 ಗ್ರೇನ್. ಅಕ್ಕಸಾಲಿಗರ ಒಂದು ಗುಲಗಂಜಿ ಹೆಚ್ಚುಕಮ್ಮಿ ಎರಡು ಗ್ರೇನ್ ತೂಗುತ್ತದೆ. ನಾನು ರಾತ್ರಿ ಹನ್ನೊಂದಕ್ಕೆ ಗ್ಯಾರೇಜಿನಲ್ಲಿ ಕೂತು ಹೋರಾಡುವುದು 0.1 ಗ್ರೇನಿಗೆ, ಅಂದರೆ ಗುಲಗಂಜಿಯನ್ನು ಇಪ್ಪತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೆ. ಬೆರಳಲ್ಲಿ ಎಣಿಸುವಷ್ಟು ಕಡ್ಡಿ.

ಕಡ್ಡಿ ಅಂದೆ, ಏಕೆಂದರೆ ನಾನು ಹಾಕುತ್ತಿರುವುದು ವಾರ್ಗೆಟ್ ಅನ್ನೋ ಮದ್ದು. ಶ್ಯಾವಿಗೆ ಒರಳಲ್ಲಿ ಒತ್ತಿ ಸಣ್ಣಗೆ ಕತ್ತರಿಸಿದ ಹಾಗಿರುತ್ತದೆ. ಅಮೆರಿಕದ ಡಬ್ಬಿಯಲ್ಲಿ ಬಂದರೂ ತಯಾರಾಗುವುದು ಆಸ್ಟ್ರೇಲಿಯಾದ ಮುಲ್ವಾಲಾದಲ್ಲಿ. ಬಾಲ್ ಪೌಡರ್ ಹಾಗಲ್ಲ, ರಾಗಿ ಕಾಳಿನ ಹಾಗೆ ಜಾರುತ್ತದೆ. ಮೆಷರ್‌ನಿಂದ (ಮದ್ದು ಅಳೆದು ಸುರಿಯುವ ಸಾಧನ) ನೀರಿನಂತೆ ಇಳಿಯುತ್ತದೆ. ಕಡ್ಡಿ ಮದ್ದು ಮೆಷರ್‌ನ ಒಳಗೆ ಸಿಕ್ಕಿಕೊಂಡು ಕಟಕ್ ಅಂತ ತುಂಡಾಗುತ್ತದೆ. ಪ್ರತಿ ಸಲ ಆ ಸದ್ದಿಗೆ ನನಗೆ ಹಲ್ಲು ಜುಮ್ಮೆನ್ನುತ್ತದೆ.

ಹಾಗಾದರೆ ಬಾಲ್ ಪೌಡರೇ ಹಾಕಬಹುದಲ್ಲ? ಹಾಕಿ ನೋಡಿದೆ. ಜನವರಿ ಬೆಳಿಗ್ಗೆಗೂ ಜುಲೈ ಮಧ್ಯಾಹ್ನಕ್ಕೂ ವೇಗದಲ್ಲಿ ಸೆಕೆಂಡಿಗೆ 70 ಅಡಿ ವ್ಯತ್ಯಾಸ ಬಂತು. ವಾರ್ಗೆಟ್‌ನಲ್ಲಿ 20 ದಾಟಲಿಲ್ಲ. ಇಲ್ಲಿಯ ಬೇಸಿಗೆಗೆ ಬೆಂಚಿನ ಮೇಲೆ ಬಿಟ್ಟ ತೋಟೆ ಕೈಗೆ ಚುರುಕ್ ಅನ್ನುತ್ತದೆ. 100 ಗಜದಲ್ಲಿ ಇದು ಲೆಕ್ಕಕ್ಕಿಲ್ಲ. 600 ಗಜದಲ್ಲಿ ಏಳೆಂಟು ಇಂಚು ಮೇಲೆ ಕೆಳಗೆ ಆಗುತ್ತದೆ. ಚಳಿಗಾಲದಲ್ಲಿ ಸೌಮ್ಯವಾಗಿದ್ದ ಲೋಡು ಬೇಸಿಗೆಯಲ್ಲಿ ಪ್ರೆಶರ್ ಏರಿಸಿ ಬೋಲ್ಟ್ ಬಿಗಿ ಮಾಡುವುದೂ ಹೀಗೆಯೇ. ಆದ್ದರಿಂದ ಮದ್ದಿನ ಆಯ್ಕೆ ನನ್ನ ಮಟ್ಟಿಗೆ ಅಲ್ಲಿಗೆ ಮುಗಿದಿತ್ತು. ಮುಗಿಯದೆ ಉಳಿದದ್ದು ಆ ಹಾಳು 'ನೋಡ್', ಅಂದರೆ ಗುರಿ ಚೆನ್ನಾಗಿ ಕೂರುತ್ತದೆ ಅನ್ನುವ ಮದ್ದಿನ ತೂಕ.

ಅದನ್ನು ಹುಡುಕಲು 'ಲ್ಯಾಡರ್' ಅನ್ನೋ ವಿಧಾನ ಇದೆ. 0.2 ಗ್ರೇನ್ ಮೆಟ್ಟಿಲು, ಒಂದೊಂದಕ್ಕೆ ಮೂರು ಈಡು (ಹೊಡೆತ), ಹತ್ತು ಮೆಟ್ಟಿಲು. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್‌ನ ಅಂಕಿಗಳನ್ನು ಗ್ರಾಫ್‌ಗೆ ಹಾಕು. ಎಲ್ಲಿ ಗೆರೆ ಏರದೆ ಚಪ್ಪಟೆಯಾಗುತ್ತದೋ ಅಲ್ಲಿ ನೋಡ್ ಇದೆ, ಅಲ್ಲೇ ಬ್ಯಾರೆಲ್ ಶಾಂತವಾಗಿರುತ್ತದೆ, ಅಲ್ಲೇ ನಿಲ್ಲು. ಮೊದಲ ಸಲ 5, 6ನೇ ಮೆಟ್ಟಿಲಿನಲ್ಲಿ ಚಪ್ಪಟೆ ಸಿಕ್ಕಿತು. ಹೆಂಡತಿಗೆ ತೋರಿಸಿದೆ, 'ನೋಡು, ನೋಡ್!' ಅಂತ. ಅವಳು 'ನೋಡಿದೆ' ಅಂದಳು.

ಮುಂದಿನ ತಿಂಗಳು ಮತ್ತೆ ಮಾಡಿದರೆ ಚಪ್ಪಟೆ 3ನೆಯದಕ್ಕೆ ಬಂದಿತ್ತು. ಆಮೇಲೆ 8ಕ್ಕೆ. ಬಾಡಿಗೆದಾರನ ಹಾಗೆ ಮನೆ ಬದಲಾಯಿಸುತ್ತಿತ್ತು.

ತಪ್ಪು ತಕ್ಕಡಿಯದೇ ಅಂದುಕೊಂಡೆ. ಅದಕ್ಕೆ ಕಾರಣವೂ ಇತ್ತು. ನನ್ನ ಡಿಜಿಟಲ್ ತಕ್ಕಡಿ ಏಸಿ ಗಾಳಿ ಬೀಸುವ ಕಿಂಡಿಯ ಕೆಳಗೇ ಇದೆ. ಖಾಲಿ ತಟ್ಟೆ ಇಟ್ಟು ಸುಮ್ಮನೆ ನೋಡುತ್ತಾ ಕೂತೆ. ಸೊನ್ನೆ. ಸೊನ್ನೆ. ಏಸಿ ಶುರುವಾಯಿತು. 0.1. ಮತ್ತೆ ಸೊನ್ನೆ. ಆಮೇಲೆ ಮೈನಸ್ 0.1. ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದಾಗಲೂ ಒಮ್ಮೆ ಕುಣಿಯಿತು. ಚಟ್ನಿಗೂ ಗುರಿಗೂ ಸಂಬಂಧ ಇರಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ ಏಸಿ ಆರಿಸಿ, ಆಗಸ್ಟ್‌ನಲ್ಲಿ, ಟೆಕ್ಸಸ್ ಗ್ಯಾರೇಜಿನಲ್ಲಿ, ಬನಿಯನ್ ಹಾಕಿಕೊಂಡು ಮದ್ದು ತೂಗಿದ್ದೇನೆ. ಬೆವರು ತಟ್ಟೆಗೆ ಬೀಳದಿರಲಿ ಅಂತ ತಲೆಗೆ ಟವಲು. ತಕ್ಕಡಿ ಸರಿಹೋಯಿತು. ನೋಡ್ ಮಾತ್ರ ಓಡಾಡುತ್ತಲೇ ಇತ್ತು.

ಇದರ ಜೊತೆಗೆ ಒಬ್ಬ ನೆಂಟ ಬೇರೆ. ಐದು ಈಡಿನಲ್ಲಿ ನಾಲ್ಕು ಒಂದೇ ತೂತಿನ ಹಾಗೆ ಕೂರುತ್ತವೆ, ಐದನೆಯದು ಮುಕ್ಕಾಲು ಇಂಚು ದೂರ. ಫ್ಲೈಯರ್. ನಾವೆಲ್ಲ ಏನು ಮಾಡುತ್ತೇವೆ? 'ಅದು ನನ್ನ ತಪ್ಪು, ಟ್ರಿಗರ್ ಎಳೆದುಬಿಟ್ಟೆ' ಅಂತ ಹೇಳಿ ನಾಲ್ಕನ್ನೇ ಅಳೆದು ಫೋಟೋ ತೆಗೆಯುತ್ತೇವೆ. ನಾನೂ ತೆಗೆದಿದ್ದೇನೆ. ಫೋನಿನಲ್ಲಿ ಮಗಳ ಹುಟ್ಟುಹಬ್ಬದ ಫೋಟೋಗಳಿಗಿಂತ ಅವೇ ಜಾಸ್ತಿ ಇವೆ.

ಕೊನೆಗೆ ಸಿಟ್ಟಿನಲ್ಲಿ ಒಂದು ಕೆಲಸ ಮಾಡಿದೆ. 30 ತೋಟೆ ತುಂಬಿದೆ. ಮೂವತ್ತಕ್ಕೂ ಒಂದೇ ಲಾಟಿನ, ಅಂದರೆ ಒಟ್ಟಿಗೆ ತಯಾರಾದ ಕೇಸ್, ಅದೇ ಕೇಪು, ಅದೇ 175 ಗ್ರೇನ್ ಗುಂಡು, ಒಂದೇ ತೂಕದ ಮದ್ದು. ಮೂರು ಮೂರರಂತೆ ಹತ್ತು ಪೊಟ್ಟಣ ಮಾಡಿ, 1ರಿಂದ 10ರವರೆಗೆ ಬರೆದುಕೊಡು ಅಂತ ಮಗಳಿಗೆ ಹೇಳಿದೆ. 'ಎಲ್ಲ ಒಂದೇ ಆದ್ರೆ ನಂಬರ್ ಯಾಕಪ್ಪಾ?' ಅಂದಳು. 'ನಿಮ್ಮಪ್ಪ ಪೆದ್ದನಾ ಅಂತ ನೋಡೋಕೆ' ಅಂದೆ. ಸ್ಕೆಚ್ ಪೆನ್ನಿನಲ್ಲಿ ಬರೆದು, 7ರ ಪಕ್ಕ ಒಂದು ಹೂವನ್ನೂ ಬಿಡಿಸಿದಳು.

ಶನಿವಾರ ಗಾಳಿ ಇರಲಿಲ್ಲ. ಲ್ಯಾಡರ್ ಮಾಡುವಾಗ ಹೇಗೋ ಹಾಗೆಯೇ ಹೊಡೆದೆ. ಪೊಟ್ಟಣಕ್ಕೊಂದು ಗುರಿ ಚುಕ್ಕೆ, ನಡುವೆ ಬ್ಯಾರೆಲ್ ಆರಲು ಬಿಡುವು. ಆಮೇಲೆ ಕೂತು, ಒಂದೊಂದು ಪೊಟ್ಟಣದ ತೂತುಗಳು ಎಷ್ಟು ಅಗಲಕ್ಕೆ ಹರಡಿವೆ ಅಂತ ಅಳೆದೆ. 2ನೇ ಪೊಟ್ಟಣ 1.2 ಇಂಚು. 4ನೆಯದು 0.9. ಹೂವಿನ ಪೊಟ್ಟಣ 0.4! ಬೇರೆ ದಿನವಾಗಿದ್ದರೆ ಏಳನೆಯದೇ ಸರಿ ಅಂತ ಇನ್ನೂರು ತೋಟೆ ತುಂಬುತ್ತಿದ್ದೆ. ಅದರ ಎರಡೂ ಪಕ್ಕದವು ಇಂಚಿನ ಹತ್ತಿರ. ಒಳಗಿರುವ ಮದ್ದು ಮಾತ್ರ ಒಂದೇ.

ವೇಗದ ಅಂಕಿಗಳನ್ನೂ ಬಿಡಲಿಲ್ಲ. ನಿಜವಾದ ಲ್ಯಾಡರಿನಲ್ಲಿ ಮೆಟ್ಟಿಲಿಗೆ ವೇಗ ಸೆಕೆಂಡಿಗೆ ಸುಮಾರು 10 ಅಡಿ ಏರುತ್ತದೆ ಅಲ್ವಾ? ಪ್ರತಿ ಪೊಟ್ಟಣದ ಸರಾಸರಿಗೆ ಹತ್ತು, ಇಪ್ಪತ್ತು, ಮೂವತ್ತು ಅಂತ ಕೂಡಿಸುತ್ತಾ ಹೋಗಿ ಗ್ರಾಫ್ ಎಳೆದೆ. 4, 5, 6ರಲ್ಲಿ ಚಪ್ಪಟೆ. ಎಂಥ ಚೆಂದದ ಚಪ್ಪಟೆ ಅಂತೀರಿ! ಮೂರರ ನಡುವೆ ಬರೀ 2 ಅಡಿ. ನೋಡ್ ಅಲ್ಲಿ ಕಾಲು ಚಾಚಿ ಮಲಗಿತ್ತು. ಮದ್ದಿನ ತೂಕ ಬದಲಾಗದೆಯೇ ನೋಡ್ ಬಂದಿತ್ತು.

ಆಮೇಲೆ ಲೆಕ್ಕದ ಕಡೆ ಹೊರಳಿದೆ. ಇಂಜಿನಿಯರಿಂಗ್‌ನಲ್ಲಿ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿಗೆ ಚಕ್ಕರ್ ಹೊಡೆದು ಕ್ಯಾಂಟೀನಲ್ಲಿ ತಿಂದ ಮಸಾಲೆದೋಸೆಗಳ ಸಾಲ ಈಗ ತೀರಿಸಿದೆ ಅನ್ನಿ. ಗುಂಡುಗಳು ಗುರಿಯ ಸುತ್ತ ಹರಡುವ ರೀತಿ ಒಂದೇ ಇದ್ದರೂ, ಮೂರೇ ಈಡು ಹೊಡೆದರೆ ತೂತುಗಳ ಗುಂಪು ಸಣ್ಣದಾಗಿ ಕಾಣುತ್ತದೆ. ಸರಾಸರಿ ಲೆಕ್ಕದಲ್ಲಿ ಮೂರು ಈಡಿಗೆ ಅರ್ಧ ಇಂಚು ಬರುವ ರೈಫಲ್ಲಿಗೆ ಹತ್ತು ಈಡಿಗೆ ಹತ್ತಿರ ಹತ್ತಿರ 0.8 ಇಂಚು, ಇಪ್ಪತ್ತಕ್ಕೆ 0.9ರ ಮೇಲೆ ಬರುತ್ತದೆ. ಮೂರು ಈಡಿನ ಗುಂಪು ಇವತ್ತು ಒಂದು, ನಾಳೆ ಅದರ ಎರಡರಷ್ಟು ಆದರೂ ಆಶ್ಚರ್ಯವಿಲ್ಲ. ವೇಗದ ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಷನ್, ಅಂಕಿಗಳು ಎಷ್ಟು ಹರಡಿವೆ ಅನ್ನುವ ಅಳತೆ) ಕಥೆಯೂ ಅದೇ. ಐದು ಈಡಿಗೆ ಎಸ್‌ಡಿ 8 ಬಂತು ಅಂತ ಕುಣಿದರೆ, ನಿಜವಾದ ಎಸ್‌ಡಿ 5 ಇರಬಹುದು, 20 ದಾಟಿಯೂ ಇರಬಹುದು.

ಆ ಫ್ಲೈಯರ್ ನೆಂಟ ಅಂದುಕೊಂಡಿದ್ದೆನಲ್ಲ, ಅವನು ಮನೆಯವನೇ. ರೇಷನ್ ಕಾರ್ಡಿನಲ್ಲೇ ಹೆಸರಿದೆ. ನಾನೇ ಇಷ್ಟು ದಿನ ಅವನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹಾಗಾದರೆ ಗುಂಪು ಚಿಕ್ಕದು ಮಾಡುವುದು ಯಾವುದು? ಭಾನುವಾರ ಅದಕ್ಕೇ ಮೀಸಲಿಟ್ಟೆ. ಒಂದು ಕಾಗದಕ್ಕೆ 20 ಈಡು, 100 ಗಜ, ಯಾವುದನ್ನೂ ಬಿಡದೆ ಅಳೆಯುವುದು. 175 ಗ್ರೇನ್ ಗುಂಡು 1.4 ಇಂಚು. 168 ಗ್ರೇನ್ ಗುಂಡು, ಅದೇ ವಾರ್ಗೆಟ್, 0.9. ನಂಬಿಕೆ ಬರದೆ ಬುಧವಾರ ಅರ್ಧ ದಿನ ರಜೆ ಹಾಕಿ ಮತ್ತೆ ಮಾಡಿದೆ: 1.3 ಮತ್ತು 0.9. ಆಮೇಲೆ 168ಕ್ಕೇ ಮದ್ದು ಬದಲಾಯಿಸಿ ಫಿನ್‌ಲ್ಯಾಂಡಿನ ಎನ್140 ಹಾಕಿದೆ (ಅದರದೇ ಪುಟ ತೆಗೆದು, ಮತ್ತೆ ಕೆಳಗಿನಿಂದ ಶುರು ಮಾಡಿ). 1.0. ಅಂದರೆ ವ್ಯತ್ಯಾಸವೇ ಇಲ್ಲ. ಮದ್ದು 0.2 ಗ್ರೇನ್ ಆಚೀಚೆ ಮಾಡಿದರೂ ಕಾಗದಕ್ಕೆ ಗೊತ್ತೇ ಆಗಲಿಲ್ಲ. ಗುಂಡು ಬದಲಾಯಿಸಿದ ಕೂಡಲೇ ಗೊತ್ತಾಯಿತು.

ಯಾಕೆ ಅಂತ ಕೇಳಿದರೆ, ಈ ಬ್ಯಾರೆಲ್ಲಿನ ಗಂಟಲಿಗೆ ಆ ಗುಂಡಿನ ಮೂತಿ ಒಪ್ಪಿತು ಅನ್ನುವುದು ನನ್ನ ಊಹೆ. ಇಷ್ಟು ಹೇಳಿದೆ ಅಂತ ನೀವು 175 ಎಸೆಯಬೇಡಿ. 168 ಗ್ರೇನಿನ ಹಳೆಯ ಮ್ಯಾಚ್‌ಕಿಂಗ್ ಗುಂಡು ಮೂಲತಃ 300 ಮೀಟರ್ ಸ್ಪರ್ಧೆಗೆ ಮಾಡಿದ್ದು. ಅದರ ಹಿಂಭಾಗದ ಇಳಿಜಾರು 13 ಡಿಗ್ರಿ. ವೇಗ ಶಬ್ದದ ವೇಗದ ಹತ್ತಿರಕ್ಕೆ ಇಳಿದಾಗ ಅದು ತೂರಾಡುತ್ತದೆ. 175ರದ್ದು 9 ಡಿಗ್ರಿ, ಆ ಗಡಿಯನ್ನು ಸಲೀಸಾಗಿ ದಾಟುತ್ತದೆ. 1000 ಗಜಕ್ಕೆ ಹೊಡೆಯುವವರು 175ನ್ನೇ ಹಿಡಿಯಬೇಕು. ನನ್ನ ರೇಂಜ್ 600 ಗಜಕ್ಕೆ ಮುಗಿಯುತ್ತದೆ, ಅದರಾಚೆ ಒಬ್ಬರ ದನದ ಬೇಲಿ.

ಇಲ್ಲಿ ಅಂಗಡಿಯವರನ್ನು ಸ್ವಲ್ಪ ಬೈಯಲೇಬೇಕು. 168ರ ಐದು ಬಾಕ್ಸ್ ಆರ್ಡರ್ ಮಾಡಿದೆ. ಒಂದೇ ಲಾಟ್ ನಂಬರ್ ಇರಲಿ ಅಂತ ಫೋನ್ ಮಾಡಿ ಹೇಳಿದ್ದೆ. 'ಶ್ಯೂರ್ ಸರ್' ಅಂದರು. ಬಂದದ್ದು ಮೂರು ಲಾಟು. ಕ್ಯಾಲಿಪರ್ ಹಿಡಿದು ಬುಡದಿಂದ ಓಜೈವ್‌ವರೆಗೆ (ಗುಂಡಿನ ಮೂತಿ ಬಾಗುವ ಭಾಗ) ಅಳೆದರೆ ಒಂದು ಲಾಟಿಗೂ ಇನ್ನೊಂದಕ್ಕೂ ಇಂಚಿನ ಸಾವಿರ ಪಾಲಿನಲ್ಲಿ ಆರು ಪಾಲು ಫರಕು. ಗುಂಡನ್ನು ಕೇಸಿನಲ್ಲಿ ಕೂರಿಸುವ ಸೀಟಿಂಗ್ ಡೈ ಮೂರು ಸಲ ಹೊಂದಿಸಬೇಕು. ಮದ್ದಿನದ್ದು ಇನ್ನೊಂದು ಗೋಳು. ಒಂದು ಅಂಗಡಿಯಲ್ಲಿ ಮದ್ದು ಇದ್ದರೆ ಕೇಪು ಇಲ್ಲ, ಇನ್ನೊಂದರಲ್ಲಿ ಕೇಪು ಇದ್ದರೆ ಮದ್ದಿಲ್ಲ. ಎರಡೂ ಕಡೆ ಹ್ಯಾಜ್‌ಮ್ಯಾಟ್ (ಅಪಾಯದ ಸರಕು ಸಾಗಿಸುವ) ಶುಲ್ಕ ಕಟ್ಟು. ದಿಬ್ಬಣಕ್ಕಿಂತ ಬಸ್ ಚಾರ್ಜೇ ಜಾಸ್ತಿ. ಯುಕ್ರೇನ್ ಯುದ್ಧ ಶುರುವಾದ ಮೇಲೆ ಫಿರಂಗಿಗೂ ನಮಗೂ ಮದ್ದು ಮಾಡುವ ಅದೇ ನೈಟ್ರೋಸೆಲ್ಯುಲೋಸ್ ಬೇಕು, ಫಿರಂಗಿಯವರು ಮುಂದೆ ನಿಂತಿದ್ದಾರೆ.

ಆ ನೈಟ್ರೋಸೆಲ್ಯುಲೋಸ್‌ನ ಮೂಲ ಹತ್ತಿ ಅನ್ನೋದು ನೆನಪಾದಾಗೆಲ್ಲ ನನಗೆ ಊಟಿ ರೈಲು ನೆನಪಾಗುತ್ತದೆ. ಚಿಕ್ಕವನಿದ್ದಾಗ ಅರುವಂಕಾಡು ಸ್ಟೇಷನ್ನಿನಲ್ಲಿ ರೈಲು ನಿಂತಾಗ, ಇಲ್ಲಿ ಕೋವಿ ಮದ್ದಿನ ಕಾರ್ಖಾನೆ ಇದೆ ಅಂತ ಅಪ್ಪ ತೋರಿಸಿದ್ದರು. ಬ್ರಿಟಿಷರ ಕಾಲದ ಕಾರ್ಡೈಟ್ ಫ್ಯಾಕ್ಟರಿ. ಕಾರ್ಡೈಟ್ ಅಂದರೂ ಹುರಿಯ ಹಾಗೆ ಒತ್ತಿ ತೆಗೆದ ಮದ್ದೇ, ಉದ್ದನೆ ಶ್ಯಾವಿಗೆ. ನಾನು ಬೋಂಡ ತಿನ್ನುತ್ತಿದ್ದೆ, ಸರಿಯಾಗಿ ನೋಡಲಿಲ್ಲ.

ಮುಂದಿನ ಪ್ರಾಜೆಕ್ಟ್ ಕೂಡ ಹಳೆಯ ಕಾಲದ್ದೇ, ಅಜ್ಜನ ಕೋವಿಯಂಥದ್ದು. ಕೇಪಿನ ಕೋವಿಯ ಒಂದು ಕಿಟ್ ಮೇಲೆ ಕಣ್ಣು ಬಿದ್ದಿದೆ. .50 ಕ್ಯಾಲಿಬರ್, ಮೂತಿಯಿಂದ ತುಂಬುವುದು. ಕಟ್ಟಿಗೆಯನ್ನು ನಾವೇ ಉಜ್ಜಿ ಎಣ್ಣೆ ಹಚ್ಚಬೇಕು. ಸೀಸದ ಉಂಡೆಗೆ ಬಟ್ಟೆ ಸುತ್ತಿ ಉದ್ದನೆ ಸಲಾಕೆಯಿಂದ ತಳ್ಳುವುದು. ಕರಿ ಮದ್ದನ್ನು ಅಲ್ಲಿ ಸಾಮಾನ್ಯವಾಗಿ ತೂಗುವುದಿಲ್ಲ, ಅಳತೆಯಲ್ಲಿ ತುಂಬುವುದು. ಏಸಿ ಹಾಕಿಕೊಂಡೇ ಕೆಲಸ ಮಾಡಬಹುದು! ಹೆಂಡತಿಗೆ ಇನ್ನೂ ಹೇಳಿಲ್ಲ. ಈ ಮೂರು ಲಾಟಿನ ಬಿಲ್ಲು ಮೊದಲು ತಣ್ಣಗಾಗಲಿ.

ಸದ್ಯಕ್ಕೆ ಲ್ಯಾಡರಿನ ನೋಟ್‌ಬುಕ್ ಮೇಲಿನ ಕಪಾಟಿಗೆ ಹೋಯಿತು. ಮದ್ದಿನ ತೂಕ ಮ್ಯಾನ್ಯುಯಲ್ಲಿನ ಮೇಲಿನ ಅಂಕಿಗಿಂತ ಸಾಕಷ್ಟು ಕೆಳಗೆ, ಜುಲೈ ಬಿಸಿಲಿಗೂ ಬೋಲ್ಟ್ ಸಲೀಸಾಗಿ ಏಳುವ ಜಾಗದಲ್ಲಿ ನಿಲ್ಲಿಸಿದ್ದೇನೆ. ಮುಂದಿನ ವಾರ 155 ಗ್ರೇನ್ ಗುಂಡಿನ ಸರದಿ. ಇಪ್ಪತ್ತು ಈಡು, ಒಂದೇ ಕಾಗದ. ಕೇಸ್‌ಗಳು ತೊಳೆಯುವ ಟಂಬ್ಲರ್ ಯಂತ್ರದಲ್ಲಿ ಗಲಗಲ ಅನ್ನುತ್ತಿವೆ. ಹೂವಿನ ಪೊಟ್ಟಣವನ್ನು ಮಗಳು ಎಸೆಯಲು ಬಿಡಲಿಲ್ಲ, ಬೆಂಚಿನ ಮೇಲಿನ ಗೋಡೆಗೆ ಪಿನ್ ಮಾಡಿದ್ದಾಳೆ. ಕೆಳಗೆ '0.4' ಅಂತ ಅವಳೇ ಬರೆದಿದ್ದಾಳೆ.