ಡ್ಯಾಕ್ ಕೊಳ್ಳುವಾಗ ಮೊದಲು ಹಿಂಬದಿ ನೋಡಿ

ಮೇ ತಿಂಗಳು ಬಂತೆಂದರೆ ಮಣಿಪಾಲದ ಹುಡುಗರು ರೂಮು ಖಾಲಿ ಮಾಡುತ್ತಾರೆ. ಕುರ್ಚಿ, ಕೂಲರ್, ಸೈಕಲ್ಲು ಎಲ್ಲ ಮಾರಾಟಕ್ಕೆ. ನಡುವೆ ಒಮ್ಮೊಮ್ಮೆ ಒಳ್ಳೆ ಆಡಿಯೊ ಸಾಮಾನೂ ಸಿಗುವುದುಂಟು. ನನ್ನ ಹಳೆ ಆಂಪ್ಲಿಫೈಯರ್‌ಗೆ ಟಿವಿ, ಲ್ಯಾಪ್‌ಟಾಪ್ ಎರಡನ್ನೂ ಜೋಡಿಸಲು ಒಂದು ಡ್ಯಾಕ್ ಬೇಕಿತ್ತು, ಅಂದರೆ ಡಿಜಿಟಲ್ ಧ್ವನಿಯನ್ನು ಆಂಪ್ಲಿಫೈಯರ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಮಾಡಿ ಕೊಡುವ ಪೆಟ್ಟಿಗೆ. ಬಜೆಟ್ ಆರು ಸಾವಿರ. ಅದಕ್ಕಿಂತ ಜಾಸ್ತಿ ಕೇಳಬೇಡಿ ಎಂದು ಮನೆಯವಳ ಆರ್ಡರ್.

ಡ್ಯಾಕ್ ಎಂದ ಕೂಡಲೇ ಎಲ್ಲರೂ ಚಿಪ್ಪಿನ ಹೆಸರು ಕೇಳುತ್ತಾರೆ. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೊಕಾದಲ್ಲಿ, ಡ್ಯಾಕ್ ಚಿಪ್ ಮಾಡುವ ಎಕೆಎಂ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಚಿಪ್ ಸಿಗದೆ ಡ್ಯಾಕ್ ಮಾಡುವ ಹಲವು ಕಂಪನಿಗಳು ಇನ್ನೊಂದು ಚಿಪ್ ಕಂಪನಿ ಇಎಸ್‌ಎಸ್ ಕಡೆ ಹೋದವು. ಯಾವುದು ಮೇಲು ಎಂಬ ಚರ್ಚೆ ಇನ್ನೂ ನಿಂತಿಲ್ಲ. ಮೇಲೆ ಫ್ಯಾನು ತಿರುಗುತ್ತಿದೆ, ಹೊರಗೆ ಮಲ್ಪೆ ಬಸ್ಸಿನ ಹಾರ್ನು. ಇದರ ನಡುವೆ ಆ ವ್ಯತ್ಯಾಸ ನನ್ನ ಕಿವಿಗೆ ಸಿಗುವುದಿಲ್ಲ ಮಾರಾಯ್ರೆ.

ನಾನು ನೋಡುವುದು ಹಿಂಬದಿ. ನಮ್ಮದು ಉಪ್ಪು ಗಾಳಿಯ ಊರು. ಕೆಂಪು-ಬಿಳಿ ಆಡಿಯೊ ವೈರು ಚುಚ್ಚುವ ಆರ್‌ಸಿಎ ಸಾಕೆಟ್ಟಿಗೆ ಹಸಿರು ಕಿಲುಬು ಹಿಡಿದಿದ್ದರೆ ಒಳಗೂ ತೇವ ಹೋಗಿರುವ ಸಾಧ್ಯತೆ ಉಂಟು. ಆಮೇಲೆ ಅಡಾಪ್ಟರ್. ಕೆಲವು ಹಳೆ ಡ್ಯಾಕ್‌ಗಳಿಗೆ ಡಿಸಿ ಅಲ್ಲ, ಎಸಿ ಕೊಡುವ ಅಡಾಪ್ಟರ್ ಬೇಕು. ಅದು ಕಳೆದುಹೋಗಿದ್ದರೆ ಅಂಗಡಿ ಅಂಗಡಿ ಅಲೆಯಬೇಕು. ಪಿನ್ ಕೂತಿತೆಂದು ಸುಮ್ನೆ ಯಾವುದೋ ಒಂದನ್ನು ಚುಚ್ಚಬಾರದು.

ಯುಎಸ್‌ಬಿಯಲ್ಲೂ ಒಂದು ವಿಷಯ ಉಂಟು. ಹಳೆ ಬಗೆಯ ಯುಎಸ್‌ಬಿ ಆಡಿಯೊ 24 ಬಿಟ್, 96 ಕಿಲೋಹರ್ಟ್ಸ್‌ವರೆಗೆ ಬೇರೆ ಡ್ರೈವರ್ ಸಾಫ್ಟ್‌ವೇರ್ ಹಾಕದೆ ನಡೆಯುತ್ತದೆ. ಅದಕ್ಕಿಂತ ಮೇಲಿನದಕ್ಕೆ ವಿಂಡೋಸ್ 10ರಲ್ಲಿ 2017ರಿಂದಷ್ಟೇ ಸ್ವಂತ ಡ್ರೈವರ್ ಬಂದದ್ದು. ಸಿಡಿ ಇರುವುದೇ 16 ಬಿಟ್, 44.1 ಕಿಲೋಹರ್ಟ್ಸ್, ಹಾಗಾಗಿ ನನಗೆ ಇದು ತಲೆಬಿಸಿ ಅಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿದಾಗ ಸ್ಪೀಕರಿನಲ್ಲಿ ಗುಂಯ್ ಎನ್ನುವ ಕಾಟ ನಿಮಗೂ ಇದ್ದರೆ ಆಪ್ಟಿಕಲ್ ಇನ್‌ಪುಟ್ ಇರುವುದನ್ನೇ ನೋಡಿ. ಅದರಲ್ಲಿ ಹೋಗುವುದು ಬೆಳಕು, ಕರೆಂಟಿನ ಸಂಪರ್ಕವೇ ಇಲ್ಲ. ಟಿವಿಯ ಸೆಟ್ಟಿಂಗ್‌ನಲ್ಲಿ ಮಾತ್ರ ಪಿಸಿಎಂ, ಅಂದರೆ ಒತ್ತಿ ಕುಗ್ಗಿಸದ ಸಾದಾ ಡಿಜಿಟಲ್ ಧ್ವನಿ, ಆರಿಸಬೇಕು. ಡಾಲ್ಬಿ ಕಳಿಸಿದರೆ ಇಂಥ ಡ್ಯಾಕ್‌ಗೆ ಅರ್ಥವಾಗುವುದಿಲ್ಲ.

ಕೊನೆಗೆ ಸಿಕ್ಕಿದ್ದು ಟಾಪಿಂಗ್ ಇ30. ಯುಎಸ್‌ಬಿ, ಆಪ್ಟಿಕಲ್, ಕೊಯಾಕ್ಸಿಯಲ್ ಮೂರೂ ಉಂಟು. 5 ವೋಲ್ಟ್ ಸಾಕು, ಮನೆಯ ಮೊಬೈಲ್ ಚಾರ್ಜರೇ ಆಗುತ್ತದೆ. ಮಾರುವ ಹುಡುಗನ ರೂಮಿನಲ್ಲೇ ಅವನ ಸ್ಪೀಕರಿಗೆ ಹಾಕಿ ಕೇಳಿದೆ. ನಾನು ಒಯ್ದದ್ದು ಹಳೆ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಯಕ್ಷಗಾನ. ಅದು ಮೊನೊ. ಭಾಗವತರ ಸ್ವರ ಎರಡು ಸ್ಪೀಕರುಗಳ ನಟ್ಟನಡುವೆ ನಿಲ್ಲಬೇಕು. ಒಂದು ಬದಿಗೆ ವಾಲಿತೆಂದರೆ ಎಲ್ಲೋ ಒಂದು ಚಾನೆಲ್ ಬಡವಾಗಿದೆ ಎಂದರ್ಥ. ಕೇಬಲ್ ಅದಲುಬದಲು ಮಾಡಿದರೆ ತಪ್ಪು ಡ್ಯಾಕಿನದೋ ಸ್ಪೀಕರಿನದೋ ಗೊತ್ತಾಗುತ್ತದೆ. ಚೆಂಡೆ ಏರುವಾಗ ಪ್ಲಗ್ಗುಗಳನ್ನು ಮೆಲ್ಲ ತಿರುಗಿಸಿದೆ. ಚರಪರ ಇಲ್ಲ.

"ಇದೆಂಥ ಹಾಡು ಅಂಕಲ್?" ಎಂದ ಹುಡುಗ. ಬೆಂಗಳೂರಿನವನು, ಪಾಪ.

ರಿಮೋಟ್ ಕಳೆದುಹೋಗಿತ್ತು. ಇನ್‌ಪುಟ್ ಬದಲಾಯಿಸಲು ಮುಂದಿನ ಬಟನ್ ಮುಟ್ಟಿದರಾಯಿತು, ವಾಲ್ಯೂಮ್ ಹೇಗೂ ಆಂಪ್ಲಿಫೈಯರಿನಲ್ಲಿ ಉಂಟು. ಅದನ್ನು ಅವನಿಗೆ ಹೇಳಲು ಹೋಗಲಿಲ್ಲ. ರಿಮೋಟ್ ಇಲ್ಲವಲ್ಲ ಎಂದು ಮುಖ ಸಣ್ಣ ಮಾಡಿದೆ, ಐನೂರು ಬಿಟ್ಟ.