ಅಷ್ಟು ಒಳ್ಳೆಯದಾದ್ರೆ ಯಾಕೆ ಯಾರೂ ಬಳಸಲ್ಲ?

ವಾಟ್ಸಾಪ್ ಬಿಟ್ಟು ಮುಕ್ತವಾದ ಚಾಟ್ ಬಳಸೋಣ ಅಂತ ನಾನು ಹೇಳಿದಾಗಲೆಲ್ಲ ಬರುವ ಪ್ರಶ್ನೆ ಇದು. 'ಜನಕ್ಕೆ ತಮ್ಮ ಮಾಹಿತಿ ಬಗ್ಗೆ ಕಾಳಜಿ ಇಲ್ಲ' ಅಂತ ಮೊದಲೆಲ್ಲ ಉತ್ತರ ಕೊಡುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಅದು ತಪ್ಪು ಉತ್ತರ.

ಮುಕ್ತ ಅಂದರೆ ಇಮೇಲ್ ಇದೆಯಲ್ಲ, ಹಾಗೆ. ನಿಮ್ಮದು ಜಿಮೇಲ್, ನನ್ನದು ಇನ್ಯಾವುದೋ. ಆದರೂ ಪತ್ರ ತಲುಪುತ್ತದೆ. ಚಾಟ್‌ಗೂ ಇಂಥದ್ದು ಇದೆ, ಹೊಸದೇನಲ್ಲ. ಜೆರೆಮಿ ಮಿಲ್ಲರ್ ಎಂಬವರು 1999ರಲ್ಲಿ ಜ್ಯಾಬರ್ ಎಂಬ ಮುಕ್ತ ಚಾಟ್ ವ್ಯವಸ್ಥೆಯನ್ನು ಜನರ ಮುಂದಿಟ್ಟರು. ಅದೇ ಮುಂದೆ ಎಕ್ಸ್‌ಎಂಪಿಪಿ ಆಯಿತು. 2014ರಲ್ಲಿ ಅಂಥದ್ದೇ ಇನ್ನೊಂದು, ಮ್ಯಾಟ್ರಿಕ್ಸ್, ಬಂತು. ಯಾರು ಬೇಕಾದರೂ ಸರ್ವರ್, ಅಂದರೆ ಮೆಸೇಜ್‌ಗಳನ್ನು ದಾಟಿಸುವ ಕಂಪ್ಯೂಟರ್, ಇಟ್ಟುಕೊಳ್ಳಬಹುದು, ಒಂದು ಸರ್ವರಿನವರು ಇನ್ನೊಂದರವರ ಜೊತೆ ಮಾತಾಡಬಹುದು.

ತಂತ್ರಜ್ಞಾನ ಸರಿಯಿಲ್ಲ ಅನ್ನುವವರಿಗೆ ಒಂದು ಮಾತು. ವಾಟ್ಸಾಪ್ ಕೂಡ ಶುರುವಾದದ್ದು ಎಜಾಬರ್ಡ್ ಎಂಬ ಎಕ್ಸ್‌ಎಂಪಿಪಿ ಸರ್ವರನ್ನು ತಮಗೆ ಬೇಕಾದಂತೆ ತಿದ್ದಿಕೊಂಡು. ಹೊರಗಿನ ಸರ್ವರ್‌ಗಳಿಗೆ ಬಾಗಿಲು ಮಾತ್ರ ಇಡಲಿಲ್ಲ.

ಹಾಗಾದರೆ ತೊಡಕು ಎಲ್ಲಿದೆ? ಅದು ನನಗೆ ಗೊತ್ತಾದದ್ದು ಅರಸೀಕೆರೆಯಲ್ಲಿ, ಅಕ್ಕನ ಅಡುಗೆಮನೆಯಲ್ಲಿ.

ಅವಳ ಫೋನಿಗೆ ಮುಕ್ತ ಚಾಟ್‌ನ ಆ್ಯಪ್ ಒಂದನ್ನು ಹಾಕಿ ಕೈಗೆ ಕೊಟ್ಟೆ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ನೋಡಿದಳು. 'ಇದೇನೋ, ಯಾವ ಸರ್ವರ್ ಅಂತ ಕೇಳ್ತಿದೆ?' ಅಂದಳು. ನಾನು ವಿವರಿಸಿದೆ. 'ಯಾವುದು ಒಳ್ಳೇದು?' ಅಂದಳು. ಅದಕ್ಕೂ ಒಂದಷ್ಟು ಹೇಳಿದೆ. ಅಷ್ಟರಲ್ಲಿ ಒಗ್ಗರಣೆ ಸೀದಿತ್ತು. ಮನೆಗೆ ಬಂದವರಿಗೆ ನೀರು ಕೊಡುವ ಮೊದಲೇ ಊರು, ಕುಲ, ಗೋತ್ರ ಎಲ್ಲ ವಿಚಾರಿಸಿದ ಹಾಗಾಯಿತು ಅಲ್ವಾ?

ವಾಟ್ಸಾಪ್ ಏನನ್ನೂ ಕೇಳಲಿಲ್ಲ, ಫೋನ್ ನಂಬರ್ ಒಂದನ್ನು ಬಿಟ್ಟು. ಅದು ಎಲ್ಲರ ಹತ್ತಿರ ಇತ್ತು. ಯಾರ್ಯಾರ ನಂಬರ್ ಫೋನಿನಲ್ಲಿತ್ತೋ ಅವರೆಲ್ಲ ತಾವಾಗಿಯೇ ಕಾಣಿಸಿಕೊಂಡರು. ಹಬ್ಬದ ದಿನ ಎಸ್ಸೆಮ್ಮೆಸ್ ಪ್ಯಾಕ್ ನಡೆಯದೆ, ಒಂದೊಂದು ಶುಭಾಶಯಕ್ಕೂ ದುಡ್ಡು ಹೋಗುತ್ತಿದ್ದ ಕಾಲ ಅದು. ಜನ ಸುಮ್ನೆ ಸೇರಲಿಲ್ಲ.

ಅಕ್ಕನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಮುಂದಿನ ತಿಂಗಳು ನಾನು ಊರಿಗೆ ಹೊರಟಾಗ ಬಸ್ ತಪ್ಪಿತು. 'ಬೆಳಗ್ಗೆ ಬರ್ತೀನಿ, ಕಾಯಬೇಡ' ಅಂತ ಅದೇ ಆ್ಯಪ್‌ನಲ್ಲಿ ಕಳಿಸಿದೆ. ಬ್ಯಾಟರಿ ಉಳಿಸಲೆಂದು ಅವಳ ಫೋನು ಆ ಆ್ಯಪನ್ನು ಹಿಂದಿನಿಂದಲೇ ಮುಚ್ಚಿಬಿಟ್ಟಿತ್ತು. ಮೆಸೇಜ್ ತಲುಪಲೇ ಇಲ್ಲ. ಊಟ ಮುಚ್ಚಿಟ್ಟು ಹನ್ನೊಂದರವರೆಗೆ ಕಾದಿದ್ದಳು. ನನಗೆ ತುಂಬಾ ಬೇಜಾರಾಯಿತು.

ಇದು ಅಕ್ಕನ ಫೋನೊಂದರ ಸಮಸ್ಯೆಯಲ್ಲ. ಐಫೋನಿನಲ್ಲಂತೂ ಚಾಟ್ ಆ್ಯಪ್ ಹಿಂದೆ ಕೂತು ಸದಾ ಕಾಯುತ್ತಿರುವ ಹಾಗಿಲ್ಲ. 'ನಿನಗೊಂದು ಮೆಸೇಜ್ ಬಂದಿದೆ' ಅನ್ನುವ ಕರೆ ಆಪಲ್‌ನ ಮೂಲಕವೇ ಬರಬೇಕು. ಅದಕ್ಕೆ ಆ್ಯಪ್ ಮಾಡಿದವರೇ ಒಂದು ಸರ್ವರ್ ನಡೆಸಬೇಕು. ಹಗಲು ರಾತ್ರಿ ಅದನ್ನು ನೋಡಿಕೊಳ್ಳುವವರು ಬೇಕು, ದುಡ್ಡು ಬೇಕು. ಬಿಡುವಿನಲ್ಲಿ ಪ್ರೀತಿಯಿಂದ ಆ್ಯಪ್ ಬರೆಯುವ ಒಬ್ಬಿಬ್ಬರಿಗೆ ಇದು ದೊಡ್ಡ ಹೊರೆ.

ಬದಲಾವಣೆಯೂ ನಿಧಾನ. ಕಂಪನಿಯೊಂದು ಹೊಸ ಸೌಲಭ್ಯ ತರಬೇಕೆಂದರೆ ತನ್ನ ಆ್ಯಪನ್ನೂ ಸರ್ವರನ್ನೂ ತಾನೇ ಬದಲಿಸುತ್ತದೆ. ಮುಕ್ತ ಚಾಟ್‌ನಲ್ಲಿ ಮೊದಲು ನಿಯಮ ಬರೆಯಬೇಕು, ಆಮೇಲೆ ಬೇರೆ ಬೇರೆಯವರು ಮಾಡಿದ ಆ್ಯಪ್‌ಗಳೂ ಸರ್ವರ್‌ಗಳೂ ಅದನ್ನು ಅಳವಡಿಸಿಕೊಳ್ಳಬೇಕು. ಸಿಗ್ನಲ್ ಎಂಬ ಚಾಟ್ ಆ್ಯಪ್ ಕಟ್ಟಿದ ಮಾಕ್ಸಿ ಮಾರ್ಲಿನ್‌ಸ್ಪೈಕ್ 2016ರಲ್ಲಿ ಇದನ್ನೇ ಮುಂದಿಟ್ಟು, ಇಂಥ ವ್ಯವಸ್ಥೆಗಳು ನಿಂತಲ್ಲೇ ನಿಲ್ಲುತ್ತವೆ ಎಂದು ವಾದಿಸಿದರು. ಅವರ ತೀರ್ಮಾನ ನಾನು ಒಪ್ಪುವುದಿಲ್ಲ. ಅವರು ತೋರಿಸಿದ ಕಷ್ಟ ಮಾತ್ರ ನಿಜ.

ದೊಡ್ಡವರು ಜೊತೆಗಿದ್ದ ಕಾಲವೂ ಇತ್ತು. ಗೂಗಲ್‌ನ ಚಾಟ್ ಸೇವೆಯಾಗಿದ್ದ ಗೂಗಲ್ ಟಾಕ್ 2006ರಲ್ಲಿ ಬೇರೆ ಎಕ್ಸ್‌ಎಂಪಿಪಿ ಸರ್ವರ್‌ಗಳಿಗೆ ಬಾಗಿಲು ತೆರೆಯಿತು. ಜಿಮೇಲ್ ಇದ್ದ ಯಾರ ಜೊತೆಗೂ ಹೊರಗಿನಿಂದ ಹರಟಬಹುದಿತ್ತು. 2013ರಲ್ಲಿ ಗೂಗಲ್ ಅದರ ಬದಲಿಗೆ ಹ್ಯಾಂಗೌಟ್ಸ್ ತಂದಾಗ ಆ ಬಾಗಿಲು ಹಾಕಿಕೊಂಡಿತು. ಹೊರಗಿದ್ದವರು ಹೊರಗೇ ಉಳಿದರು.

ಹಾಗಂತ ಎಲ್ಲೂ ನಡೆದಿಲ್ಲ ಅಂತಲ್ಲ. ಫ್ರಾನ್ಸ್ ಸರ್ಕಾರ ತನ್ನ ನೌಕರರಿಗಾಗಿ ಮ್ಯಾಟ್ರಿಕ್ಸ್ ಮೇಲೆ ಚಾಪ್ ಎಂಬ ಆ್ಯಪ್ ಮಾಡಿಕೊಂಡಿದೆ. ಜರ್ಮನಿಯ ಸೈನ್ಯದಲ್ಲೂ ಮ್ಯಾಟ್ರಿಕ್ಸ್ ಇದೆ. ಅಲ್ಲಿ ಯಾರೂ 'ಯಾವ ಸರ್ವರ್' ಎಂದು ಯೋಚಿಸಬೇಕಿಲ್ಲ. ಕಚೇರಿ ಮೊದಲೇ ಆರಿಸಿಟ್ಟಿರುತ್ತದೆ, ಕೆಟ್ಟರೆ ಸರಿ ಮಾಡಲು ಸಂಬಳದ ಜನ ಇರುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಇಲ್ಲದ್ದು ಅದೇ.

ಅದಕ್ಕೇ ನನಗೆ ಕ್ವಿಕ್ಸಿಯಂಥ ಆ್ಯಪ್‌ಗಳ ಮೇಲೆ ಜಾಸ್ತಿ ಆಸೆ. ಒಳಗಿರುವುದು ಎಕ್ಸ್‌ಎಂಪಿಪಿಯೇ, ಆದರೆ ಸೇರಲು ಫೋನ್ ನಂಬರ್ ಸಾಕು. ಅದನ್ನೇ ಆಧಾರವಾಗಿಟ್ಟುಕೊಂಡು ನಮ್ಮ ದೇಶದ ಮುಕ್ತ ತಂತ್ರಾಂಶದ ಗೆಳೆಯರು ಪ್ರಾವ್ ಎಂಬುದನ್ನು ಕಟ್ಟುತ್ತಿದ್ದಾರೆ. ಮಲಯಾಳದಲ್ಲಿ ಹಾಗಂದರೆ ಪಾರಿವಾಳ. ಬಳಸುವವರೇ ಮಾಲೀಕರಾಗಿರುವ ಸಹಕಾರ ಸಂಘವಾಗಿ ಅದನ್ನು ನಡೆಸಬೇಕೆಂಬುದು ಅವರ ಯೋಚನೆ. ಹಾಲಿನ ಡೇರಿ ಸಂಘ ನೋಡಿ ಬೆಳೆದವನಿಗೆ ಇದು ತುಂಬಾ ಇಷ್ಟವಾಯಿತು.

ಹೋದ ಸಲ ಊರಿಗೆ ಹೋದಾಗ ಅಕ್ಕನ ಫೋನಿನ ಬ್ಯಾಟರಿ ಸೆಟ್ಟಿಂಗ್ ಬದಲಿಸಿ ಬಂದೆ. ಈಗ ಮೆಸೇಜ್ ಕೂಡಲೇ ಹೋಗುತ್ತದೆ. ಬಸ್ ಹತ್ತಿದ ತಕ್ಷಣ ಕಳಿಸುತ್ತೇನೆ, 'ಸರಿ ಕಣೋ' ಅಂತ ಬರುತ್ತದೆ. ಮಗಳ ಶಾಲೆಯ ಗುಂಪು, ನೆಂಟರ ಗುಂಪು ಎಲ್ಲ ವಾಟ್ಸಾಪ್‌ನಲ್ಲೇ ಇವೆ. ಹಾಗಾಗಿ ಅವಳ ಫೋನಿನಲ್ಲಿ ಎರಡೂ ಇವೆ.